ಬಿಜೂರಿಗೆ ಹೋದ ಡಿ ಡ್ರೈವ್

ಸುಂದರನ ಮನೆಯ ಕಂಪ್ಯೂಟರು ಈಚೀಚೆಗೆ ಮಹಾರಾಜರ ಠೀವಿ ಕಲಿತಿತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ, ಅವನು ಸ್ನಾನ ಮುಗಿಸಿ, ದೋಸೆ ತಿಂದು, ಬ್ರಹ್ಮಾವರ ಪೇಟೆಯ ತನ್ನ ಪಾತ್ರೆ ಅಂಗಡಿಗೆ ಹೊರಡುವ ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಅಲ್ಲಿಯವರೆಗೆ ಒಳಗಿನ ಫ್ಯಾನು ಅಕ್ಕಿ ಗಿರಣಿಯ ಹಾಗೆ ಕೂಗುತ್ತಿತ್ತು. ಕೊನೆಗೆ ಕುಂದಾಪುರದಿಂದ ರಿಪೇರಿಯ ನಿತೇಶ್ ಬಂದು, ಮುಚ್ಚಳ ಬಿಚ್ಚಿ, ಟಾರ್ಚು ಹಾಕಿ ನೋಡಿ ತೀರ್ಪು ಕೊಟ್ಟ.

"ಸುಂದ್ರಣ್ಣ, ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಬದಲ್ ಮಾಡ್ಕ್. ಹಾರ್ಡ್ ಡಿಸ್ಕ್ ಇದೇ ಇರ್ಲಿ."

"ಅದ್ರಗೆ ಇಪ್ಪ ಫೈಲ್ ಎಲ್ಲ?"

"ಸಿ ಡ್ರೈವ್ ಫಾರ್ಮ್ಯಾಟ್ ಮಾಡ್ಕಾತ್ತ್. ಡಿ ಡ್ರೈವ್ ನಾನ್ ಮುಟ್ಟುದಿಲ್ಲೆ. ಎಂತ ಆತಿಲ್ಲೆ..." ಎಂದವನು ತಲೆ ಕೆರೆದುಕೊಂಡು, "ಕಾಂಬ" ಎಂದ.

ಆ 'ಕಾಂಬ'ದಲ್ಲಿ, ಎಂದರೆ 'ನೋಡೋಣ'ದಲ್ಲಿ, ಸುಂದರನ ಜೀವ ಹಾರಿತು. (ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತು ಡಾಕ್ಟರು 'ಕಾಂಬ' ಎಂದರೆ ಯಾರಿಗೆ ತಾನೆ ಧೈರ್ಯ ಬಂದೀತು?) ಡಿ ಡ್ರೈವಿನಲ್ಲಿ ಇದ್ದದ್ದು ಸಾಮಾನ್ಯ ವಸ್ತುವಲ್ಲ. ಅವನ ಹೆಂಡತಿ ವಿನಯಾಳ ತಮ್ಮ ಯತೀಶನ ಮದುವೆಯ ವೀಡಿಯೋ ಅದು. ಮೂಲ ಕ್ಯಾಸೆಟ್ಟಿಗೆ ಅವಳ ತವರು ಬಿಜೂರಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋಗಿತ್ತು. ಆ ಮದುವೆಯಲ್ಲಿ ಬಡಿಸುವವರ ಬೆನ್ನು ಹತ್ತಿ "ಇಲ್ಲಿಗ್ ಪಾಯ್ಸ ತನ್ನಿ" ಎಂದು ಓಡಾಡಿದ ಮಾವನವರು ಮರುವರ್ಷವೇ ತೀರಿಕೊಂಡಿದ್ದರು. ಅವರ ನಡಿಗೆ, ನಗು, ಮಾತು ಲೋಕದಲ್ಲಿ ಉಳಿದದ್ದು ಈ ಡಬ್ಬದೊಳಗೆ ಮಾತ್ರ. ಮಾವ ಎಂದರೆ ಸುಂದರನಿಗೂ ಪ್ರಾಣವಾಗಿತ್ತು.

"ಹ್ವಾಯ್, ಅಪ್ಪಯ್ಯನ ವೀಡಿಯೋ ಹೋಯ್ತೋ, ನಾನ್ ಈ ಮನಿಯಗೆ ಇಪ್ಪುದಿಲ್ಲೆ ಕಾಣಿ" ಎಂದಳು ವಿನಯಾ.

"ಹೋಪುದಿಲ್ಲ ಮಾರಾಯ್ತಿ. ನಿತೇಶ ಹೇಳ್ದ ಅಲ್ದಾ?"

"ಅಂವ ಹೇಳ್ದ್ದ್ 'ಕಾಂಬ' ಅಂದೇಳಿ. ನಂಗ್ ಕೆಮಿ ಇಲ್ದಾ? ಹೋದ್ವರ್ಷ ಮಾಡಿನ ಹಂಚ್ ಇಳ್ಸುವತಿಗೆ ನನ್ ಚಿನ್ನ ಎಲ್ಲ್ ಇಟ್ಟಿದ್ರಿ?"

"ಬಿಜೂರಗೆ. ನಿಮ್ಮಮ್ಮನ ಪೆಟ್ಟಿಗಿಯಗೆ."

"ಮತ್ತೆ? ಇದಕ್ಕೂ ಅದೇ ದಾರಿ."

ಮನೆಯ ಮಾಡು ಬಿಚ್ಚುವಾಗ ಬೆಲೆಬಾಳುವುದೆಲ್ಲ ಹೆಣ್ಣಿನ ತವರಿಗೆ ಹೋಗುವುದು, ಹಂಚು ಹೊದಿಸಿದ ಮೇಲೆ ತಿರುಗಿ ಬರುವುದು ಆ ಮನೆಯ ಪದ್ಧತಿ. ಕಂಪ್ಯೂಟರಿನ ಮಾಡು ಬಿಚ್ಚುವುದಕ್ಕೂ ಅದೇ ಶಾಸ್ತ್ರ ಅನ್ವಯಿಸುತ್ತದೆಂದು ಸುಂದರನಿಗೂ ಅನ್ನಿಸಿತು. ಆದರೆ ಅವನದು ಅತಿ ಜಾಗ್ರತೆಯ ಜಾತಕ. ಒಂದನ್ನು ಆರಿಸಲು ಹೋಗಿ ಇನ್ನೊಂದು ಬಿಟ್ಟುಹೋದರೆ? ಬೇಡವೇ ಬೇಡ ಎಂದು ಇಡೀ ಡಿ ಡ್ರೈವನ್ನೇ, ಒಂದು ಸಾಸಿವೆ ಕಾಳೂ ಉಳಿಯದ ಹಾಗೆ, ಡಿವಿಡಿಗಳಿಗೆ ಇಳಿಸಿದ. ಪ್ರತಿಯೊಂದು ಡಿವಿಡಿಯೂ ತೆರೆಯುತ್ತದೆಯೇ ಎಂದು ಹಾಕಿ ನೋಡಿದ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯಲ್ಲಿಟ್ಟ. ಭಾನುವಾರ ಬೆಳಿಗ್ಗೆ ವಿನಯಾ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು. ಕಂಡಕ್ಟರು ಡಬ್ಬಿಯನ್ನು ಮೇಲಿಡಿ ಎಂದದ್ದಕ್ಕೆ ಅವನಿಗೆ ಸಮಾ ಬೈಗುಳ ಸಿಕ್ಕಿತು.

ಇತ್ತ ನಿತೇಶ್ ಶಸ್ತ್ರಚಿಕಿತ್ಸೆ ಶುರು ಮಾಡಿದ. ಮೊದಲು ಕಿತ್ತದ್ದು ಕ್ಯಾಬಿನೆಟ್ಟಿಗೆ ಕಟ್ಟಿದ್ದ ಒಣ ಕದಿರನ್ನು. ಹೊಸ ಅಕ್ಕಿ ಉಣ್ಣುವ ಹೊಸ್ತಿನ ಹಬ್ಬದ ದಿನ ಬಾಗಿಲು, ಬಾವಿ, ಸ್ಕೂಟರುಗಳ ಸಾಲಿನಲ್ಲಿ ಕಂಪ್ಯೂಟರಿಗೂ ಒಂದು ಹೊಸ ಭತ್ತದ ಕದಿರು ಸಂದಿತ್ತು. ನಿತೇಶ್ ಅದನ್ನು ಕಿಟಕಿಯಿಂದ ಆಚೆ ಎಸೆಯಹೋದಾಗ ಸುಂದರ ಓಡಿ ಬಂದು ಕಿತ್ತುಕೊಂಡ. ಆಮೇಲೆ ಹಾರ್ಡ್ ಡಿಸ್ಕು ಹೊರಬಂತು. ಅದನ್ನು ಮೇಜಿನ ತುದಿಯಲ್ಲಿ ಇಟ್ಟದ್ದು ಕಂಡು ಸುಂದರ ಅದರಡಿಗೆ ದಿಂಬು ತಂದಿಟ್ಟ. ಬೆಕ್ಕನ್ನು ಹೊರಗಟ್ಟಿ ಬಾಗಿಲು ಹಾಕಿದ. ನಿತೇಶನಿಗೆ ಚಹಾ ಕೊಡುವುದಕ್ಕೂ ಭಯ, ಚೆಲ್ಲಿದರೆ?

"ಹೆದ್ರ್‌ಬ್ಯಾಡಿ ಸುಂದ್ರಣ್ಣ. ಇಲ್ಲ್ ಹೋದ್ರೂ ಬಿಜೂರಗೆ ಇತ್ತಲೆ?" ಎಂದ ನಿತೇಶ್, ಸ್ಕ್ರೂ ಬಿಗಿಯುತ್ತ. ಆಮೇಲೆ ಮೂಲೆಯಲ್ಲಿದ್ದ ಮೈಕಿನ ಹೆಡ್‌ಫೋನು ಎತ್ತಿ, "ಇದ್ರಗೆ ಎಂತ ರೆಕಾರ್ಡ್ ಮಾಡ್ತ್ರಿ? ಪದ್ಯ ಹೇಳ್ತ್ರಿಯಾ?" ಎಂದು ಕೇಳಿದ.

ಸುಂದರ ಥಟ್ಟನೆ ಹೆಡ್‌ಫೋನು ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ.

ಅವನಿಗೊಂದು ವಿದ್ಯೆ ಇತ್ತು, ಅತ್ತೆ ಚಂದ್ರಾವತಿಯವರ ಸ್ವರ ತೆಗೆದು ಥೇಟ್ ಅವರ ಹಾಗೆಯೇ ಮಾತಾಡುವುದು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಗೆಳೆಯರು ಕೇಳಿ ಕೇಳಿ ಅದನ್ನು ಮಾಡಿಸುತ್ತಿದ್ದರು. ಕಳೆದ ಆಷಾಢದಲ್ಲಿ ವಿನಯಾ ತವರಿಗೆ ಹೋಗಿದ್ದಾಗ ಇದೇ ಮೈಕಿನ ಮುಂದೆ ಕುಳಿತು ಒಂದನ್ನು ರೆಕಾರ್ಡ್ ಮಾಡಿ, ಡಿ ಡ್ರೈವಿನ ಮೂಲೆಯಲ್ಲಿ ಇಟ್ಟು ಮರೆತಿದ್ದ. "ಪಾತ್ರೆ ಅಂಗ್ಡಿ ಅಂಬ್ರ್, ಪಾತ್ರೆ ಅಂಗ್ಡಿ! ಇಷ್ಟ್ ವರ್ಷದಗೆ ನಮ್ಮನಿಗ್ ಒಂದ್ ಸೌಟ್ ತಂದ್ ಕೊಟ್ಟವ್ರಲ್ಲ ಈ ಅಳಿಯ!" ಎಂದು ಶುರುವಾಗುವ ಆ ಭಾಷಣ ಈಗ ಸಾಸಿವೆ ಕಾಳೂ ಉಳಿಯದ ಹಾಗೆ ಬಿಜೂರು ಸೇರಿತ್ತು. ಮದುವೆಯ ವೀಡಿಯೋ ಕೈಗೆ ಸಿಕ್ಕರೆ ಅಲ್ಲಿ ಹಾಕಿ ನೋಡದೆ ಬಿಡುತ್ತಾರೆಯೇ?

ಬೆಳಿಗ್ಗೆಯಿಂದ 'ಫೈಲು ಹೋಗದಿರಲಿ' ಎಂದು ಹರಕೆ ಹೊತ್ತವನು ಈಗ ತಿರುಗಿ 'ಒಂದೇ ಒಂದು ಫೈಲು ಹೋಗಲಿ' ಎಂದು ಬೇಡಿಕೊಂಡ. ಡಿವಿಡಿ ಕೆಡಲಿ, ಬೇಡ, ಅದರಲ್ಲಿ ಮಾವನವರು ಇದ್ದಾರೆ, ಕರೆಂಟಾದರೂ ಹೋಗಲಿ. ಬಿಜೂರಿಗೆ ಫೋನು ಹಚ್ಚಿದ. ಲೈನು ಬಿಜಿ. ಮತ್ತೆ ಹಚ್ಚಿದ. ಆಗಲೂ ಬಿಜಿ. ರಿಸೀವರು ಕೆಳಗಿಟ್ಟದ್ದೇ ತಡ, ಅದೇ ಹೊಡೆದುಕೊಂಡಿತು.

"ಹ್ವಾಯ್, ನಾನ್, ಅತ್ತೆ" ಎಂದಿತು ಆ ಕಡೆಯ ಸ್ವರ. ಅತ್ತು ಒದ್ದೆಯಾದ ಸ್ವರ. "ಇವ್ರನ್ನ ಕಂಡೆ. ಪಾಯ್ಸ ತನ್ನಿ ಪಾಯ್ಸ ತನ್ನಿ ಅಂದ್ಕಂಡ್ ಹ್ಯಾಂಗೆ ಓಡಾಡ್ತಿದ್ರ್! ನೀವ್ ಇದನ್ನ ಉಳ್ಸಿ ಇಟ್ಟ್ರಲೆ, ನಿಮ್ಗ್ ಪುಣ್ಯ ಬರ್ಲಿ."

ಸುಂದರ "ಅದ್ ನನ್ ಕರ್ತವ್ಯ ಅತ್ತೆ" ಎಂದ.

"ಹೌದ್. ಆಮೇಲೆ ಮತ್ತೊಂದ್ ಕೇಂಡೆ."

ಸುಂದರ ಕಣ್ಣು ಮುಚ್ಚಿದ.

"ಸೌಟಿನ ವಿಷಯ. ಅದನ್ನ ನಾನ್ ಯಾವತ್ ಹೇಳ್ದ್ದೋ, ನಂಗೇ ನೆನ್ಪಿಲ್ಲೆ. ಆದ್ರೆ ಒಂದ್ ಮಾತೂ ಸುಳ್ಳಲ್ಲ ಕಾಣಿ. ನಿಮ್ಗ್ ಬೇಜಾರಾತ್ತ್ ಅಂದೇಳಿ ಇಷ್ಟ್ ವರ್ಷ ಬಾಯಿ ಮುಚ್ಕಂಡ್ ಇದ್ದೆ. ನೀವೇ ಅದನ್ನ ಜೋಪಾನ ಮಾಡಿ ಇಟ್ಕಂಡಿದ್ರಿ ಅಂದ್ರೆ, ನಿಮ್ಗೂ ಹೌದ್ ಅಂತ ಕಂಡಿತ್ ಅಲ್ದಾ?"

"ಹೌದ್ ಅತ್ತೆ."

"ಸೌಟ್ ಬ್ಯಾಡ. ಬಪ್ಪ ಆಯ್ತಾರ ಬಪ್ಪತಿಗೆ ಬಚ್ಚಲಿಗೊಂದ್ ಹಂಡೆ ತನ್ನಿ. ದೊಡ್ಡದ್. ತಾಮ್ರದ್."

ಫೋನು ಇಡುವಾಗ ಹಿಂದಿನಿಂದ ನಿತೇಶ್ ಕೂಗಿದ. "ಸುಂದ್ರಣ್ಣ, ಬಂತ್ ಕಾಣಿ! ಒಂದ್ ಫೈಲೂ ಹೋಯ್ಲಿಲ್ಲೆ!" ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕುಳಿತಿತ್ತು. ಸುಂದರ ಕದಿರನ್ನು ಮತ್ತೆ ಕ್ಯಾಬಿನೆಟ್ಟಿಗೆ ಕಟ್ಟಿದ. ನಿತೇಶ್ ಅತ್ತ ಹೋದ ಕೂಡಲೇ ಮೂಲೆಯ ಆ ಫೈಲನ್ನು ಹುಡುಕಿ ಅಳಿಸಿ ಹಾಕಿದ. ಹಂಡೆ ಹೋದರೆ ಹೋಗಲಿ, ಮಾನ ಉಳಿಯಿತು ಎಂದುಕೊಂಡ.

ಸಂಜೆ ವಿನಯಾ ಬಂದಳು. ಕೈಕಾಲು ತೊಳೆದು ಬಂದು ಅವನೆದುರು ಕುಳಿತಳು.

"ಅಮ್ಮನ ಸ್ವರ ಸಮಾ ಬಂದಿತ್. ಕಡಿಗ್ ಆ ನೆಗಿ ಇಲ್ದಿದ್ರೆ ನಂಗೂ ಗೊತ್ತಾತಿರ್ಲಿಲ್ಲೆ."

ಕಡೆಗೆ ತಾನು ಹೊಟ್ಟೆ ಹಿಡಿದು ನಕ್ಕದ್ದೂ ರೆಕಾರ್ಡ್ ಆಗಿತ್ತೆಂದು ಸುಂದರನಿಗೆ ಆಗ ನೆನಪಾಯಿತು.

"ಅತ್ತೆ... ಅದನ್ನ ಕೇಂಡ್ರಾ?"

"ಇಲ್ಲೆ. ಅಷ್ಟೊತ್ತಿಗೆ ನಿಮ್ಗ್ ಫೋನ್ ಮಾಡುಕ್ ಎದ್ದ್ ಹೋಯಿದ್ರ್. ನಾನೂ ಹೇಳ್ಲಿಲ್ಲೆ." ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅಡಿಗಿ ಮನಿಗೆ ನಂಗೂ ಕೆಲ ಪಾತ್ರೆ ಬೇಕಿತ್."

"ತತ್ತೆ. ನಾಳೆಯೇ ತತ್ತೆ" ಎಂದ ಸುಂದರ, ಬೆವರು ಒರೆಸಿಕೊಳ್ಳುತ್ತ. "ಆ ಡಿವಿಡಿ ಎಲ್ಲಿತ್? ತಿರ್ಗಿ ತಂದ್ಯಾ?"

"ಅದ್ ಎಂತಕ್ ತಿರ್ಗಿ ತಪ್ಪುದ್? ಅಮ್ಮನ ಪೆಟ್ಟಿಗಿಯಗೆ, ಅವ್ರ್ ಚಿನ್ನದ್ ಒಟ್ಟಿಗೆ ಇಟ್ಟಿದೆ" ಎಂದಳು ವಿನಯಾ ಸಮಾಧಾನವಾಗಿ. "ನೀವೆಂತ ಹೆದ್ರ್‌ಬ್ಯಾಡಿ. ಅಲ್ಲಿಂದ ಎಂತದೂ ಹೋಪುದಿಲ್ಲೆ."