ಆಕಳ ಸೂಜಿ, ಕುದುರೆಯ ಸೂಜಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ಹಿಂದುಮುಂದಾಗಿರಬಹುದು. ಡೈರಿ ಬರೆಯುವವಳು ನಾನು. ಆದರೆ ಅತ್ತೆಯ ವಿಷಯದಲ್ಲಿ ನನ್ನ ಡೈರಿಯನ್ನೂ ಪೂರ್ತಿ ನಂಬುವಂತಿಲ್ಲ. ಅವಳು ಪಕ್ಕದಲ್ಲಿ ಕೂತು ತಿದ್ದಿಸಿದ ಸಾಲುಗಳು ಅದರಲ್ಲಿವೆ. ಒಂದಂತೂ ಖರೆ. ತಿಳವಳ್ಳಿಯಲ್ಲಿರುವ ನನ್ನ ಸೋದರತ್ತೆಯನ್ನು ಕಂಡರೆ ರೋಗಗಳೇ ದಾರಿ ಬದಲಿಸುತ್ತವೆ! ಹಾಗಂತ ಹೇಳುವವಳೂ ಅವಳೇ.

ಊರಿಗೆಲ್ಲ ನೆಗಡಿಯಾದರೆ ಅತ್ತೆಗೆ "ಮೂಗಿಗೆ ಸ್ವಲ್ಪ ಬ್ಯಾಸರ" ಆಗುತ್ತದೆ, ಅಷ್ಟೆ. ಜ್ವರ ಅವಳಿಗೆ ಎಂದೂ ಬಂದದ್ದಿಲ್ಲ. ಬಂದದ್ದೆಲ್ಲ "ಒಲಿ ಮುಂದ ಕುಂತ ಬಿಸಿ".

ಕೊರೊನಾ ಲಸಿಕೆ ಬಂದ ವರ್ಷ ನರ್ಸಮ್ಮ ಮನೆ ಬಾಗಿಲಿಗೇ ಬಂದರು. ಅತ್ತೆ ಕೆಂದಿ ಎಂಬ ಆಕಳ ಹಾಲು ಕರೆಯುತ್ತಿದ್ದಳು. ಅವಳನ್ನು ಒಪ್ಪಿಸೋಣವೆಂದು, ಧಾರವಾಡದಲ್ಲಿ ಜೀವಶಾಸ್ತ್ರ ಓದಿದ ಹುರುಪಿನಲ್ಲಿ ನಾನು ಕಥೆ ಶುರು ಮಾಡಿದೆ. ಹಿಂದೆ ಹಾಲು ಕರೆಯುವ ಹೆಂಗಸರಿಗೆ ಆಕಳ ಕೆಚ್ಚಲಿನ ಗುಳ್ಳೆ ಕೈಗೆ ಅಂಟುತ್ತಿತ್ತು, ಅಂಥವರಿಗೆ ಸಿಡುಬು ಬರುತ್ತಿರಲಿಲ್ಲ, ಅದನ್ನು ನೋಡಿಯೇ ಮೊದಲ ಲಸಿಕೆ ಹುಟ್ಟಿತು ಎಂದೆ. ಅತ್ತೆ ಕೆಚ್ಚಲು ಬಿಡದೆ ನರ್ಸಮ್ಮನ ಕಡೆ ತಿರುಗಿದಳು.

"ಕೇಳಿದ್ರಿಲ್ರಿ? ಐವತ್ತ ವರ್ಷ ಹಾಲು ಹಿಂಡೇನಿ. ನನಗ ದಿನಾ ಎರಡು ಹೊತ್ತು ಸೂಜಿ ಆಗೇತಿ. ನೀವು ಚಾ ಕುಡದು ಮುಂದಿನ ಮನಿಗೆ ಹೋಗ್ರಿ."

ನರ್ಸಮ್ಮ ಚಹಾ ಕುಡಿದರು. ಹೋಗುವಾಗ ನನ್ನನ್ನು ನೋಡಿದ ಆ ನೋಟ ಮಾತ್ರ ನನಗೆ ಸರಿಯಾಗಿ ನೆನಪಿದೆ. ಇವಳನ್ನು ಓದಿಸಿದವರು ಯಾರು ಎಂಬಂತಿತ್ತು.

ಕಳೆದ ವರ್ಷ ಕೆಂದಿ ಕರು ಹಾಕಿ ಒಂದು ತಿಂಗಳಾಗಿತ್ತು. ಇದ್ದಕ್ಕಿದ್ದಂತೆ ಮೇವು ಬಿಟ್ಟಿತು, ಬಾಯಲ್ಲಿ ಜೊಲ್ಲು, ಒಂದೇ ಸಮನೆ ಒದರಾಟ. ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಅತ್ತೆ ಬಾಯೊಳಗೆ ಕೈ ಹಾಕಿ ತಡಕಿದಳಂತೆ. ಪಶುವೈದ್ಯರು ಬಂದವರು ದೂರವೇ ನಿಂತರು.

"ಹುಚ್ಚನಾಯಿ ಕಡದಿರಬೇಕ್ರಿ. ಬಾಯಾಗ ಕೈ ಹಾಕೀರೇನು?"

ಅತ್ತೆಯ ಬೆರಳುಗಳ ಮೇಲೆ ಹಲ್ಲು ತರಚಿದ ಗೀರುಗಳಿದ್ದವು. ಈ ರೋಗ ತಲೆ ಎತ್ತಿದ ಮೇಲೆ ಮದ್ದಿಲ್ಲ, ಇವತ್ತೇ ಹಾನಗಲ್ಲಿಗೆ ಹೋಗಿ ಸೂಜಿ ಮಾಡಿಸಿಕೊಳ್ಳಬೇಕು ಎಂದರು.

"ಹಾಲು ಹಿಂಡಾಕಿಗೆ ಏನೂ ಹತ್ತೂದಿಲ್ರಿ. ನಮ್ಮ ಹುಡುಗಿ ಭಾಳ ಕಲತಾಳ, ಬೇಕಾರ ಕೇಳ್ರಿ."

"ಅತ್ತಿ, ಅದು ಸಿಡುಬಿಗಷ್ಟ. ಇದಕ್ಕಲ್ಲ."

"ಅವತ್ತ ಯಾಕ ಹೇಳಲಿಲ್ಲ? ಅರ್ಧಾ ಕಥಿ ನುಂಗಿ ಕುಂತಿದ್ದೇನ?"

ಹೇಳಿದ್ದೆನೇ, ಇಲ್ಲವೇ? ಡೈರಿಯ ಆ ದಿನದ ಪುಟದಲ್ಲಿ "ಚಹಾ ಚೆನ್ನಾಗಿತ್ತು" ಎಂದಷ್ಟೇ ಇದೆ.

ವೈದ್ಯರು ಮಾತು ಬೆಳೆಸದೆ ಕರುವಿನ ಹಗ್ಗ ಹಿಡಿದರು. "ಇದಕ್ಕೂ ಸೂಜಿ ಮಾಡಬೇಕು. ನೀವು ಆಸ್ಪತ್ರಿಗೆ ಹೋಗೂದಾದ್ರ ಮಾಡ್ತೇನಿ."

ಅತ್ತೆ ಸೀರೆ ಬದಲಿಸಲು ಒಳಗೆ ಹೋದಳು.

ಹಾನಗಲ್ಲಿನಲ್ಲಿ ತೋಳಿಗೆ ಲಸಿಕೆಯಾದ ಮೇಲೆ ಗಾಯದ ಸುತ್ತ ಇನ್ನೊಂದು ಸೂಜಿ. ಇದು ಕುದುರೆಯ ರಕ್ತದಿಂದ ತೆಗೆದ ಔಷಧ ಎಂದು ಅಲ್ಲಿಯ ನರ್ಸ್ ಹೇಳಿದಳು.

"ಆಕಳಾತು, ಈಗ ಕುದುರಿ. ಮನಷ್ಯಾರು ಏನರ ಕೊಟ್ಟಾರೇನವಾ?"

"ಚುಚ್ಚಾಕ ನಾವು ಅದೇವಲ್ಲ ಬೇ."

"ಆ ಕುದುರಿಗೆ ಹೊಟ್ಟಿ ತುಂಬ ಹಾಕ್ತಾರಿಲ್ಲೋ?"

ನರ್ಸ್ ಮುಂದಿನ ಚೀಟಿಯವರನ್ನು ಕರೆದಳು.

ಎರಡು ದಿನಕ್ಕೆ ಕೆಂದಿ ಸತ್ತಿತು. ಅತ್ತೆ ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಕೊನೆಯದನ್ನು ಮುಗಿಸಿ ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು:

"ಕೆಂದಿ ಬಕೀಟಿನಾಗ ಬಾಯಿ ಇಡೂದು, ನುಂಗಾಕ ಬರವಲ್ದು, ನನ್ನ ಮಾರಿ ನೋಡೂದು. ಬೊಗಸಿಲೆ ನೀರು ತಗೊಂಡು ಒಳಗ ಹಾಕಿದೆ. ಒಂದ ಗುಟುಕರ ಹೋಗ್ಲಿ ಅಂತ."

ಅಂದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಅವಳು ಕೈ ಹಾಕಿರಲೇ ಇಲ್ಲ. ಐವತ್ತು ವರ್ಷ ದನ ಸಾಕಿದವಳು. ನೀರು ನುಂಗಲಾಗದ ಆಕಳು ಎಂದರೆ ಏನೆಂದು ಅವಳಿಗೆ ನಾನು ಹೇಳಿಕೊಡಬೇಕಿತ್ತೇ? ಸಿಡುಬಿನ ಕಥೆಯನ್ನು ಅವಳು ನಿಜಕ್ಕೂ ನಂಬಿದ್ದಳೇ? ಬಸ್ಸಿನಿಂದ ಇಳಿಯುವಾಗ ಅವಳ ಕೈ ಹಿಡಿದು ಕೇಳಿದೆ.

"ಅತ್ತಿ, ಅದಕ್ಕ ಹುಚ್ಚು ಹತ್ತೇತಿ ಅಂತ ನಿನಗ ಮೊದಲ ಗೊತ್ತಿತ್ತೇನ?"