ಚೈನಾ ಗ್ರಾಸಿಗೆ ಗುಂಡು ಹೊಡೆಸಿದ ಭಾವ

ನಮ್ಮ ಭಾವನಷ್ಟು ಸಾಧು ಮನುಷ್ಯ ಇಡೀ ಟೆಕ್ಸಸ್ಸಿನಲ್ಲಿ ಇನ್ನೊಬ್ಬರಿಲ್ಲ. ಜಿರಳೆ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹಿತ್ತಲಿಗೆ ಬಿಟ್ಟು ಬರುತ್ತಾರೆ. ಆದರೆ ಕಾಡುಹಂದಿಯನ್ನು ಯಾವ ಗುಂಡಿನಲ್ಲಿ ಹೊಡೆಯಬೇಕು ಎಂದು ಕೇಳಿ ನೋಡಿ, ಮುಕ್ಕಾಲು ಗಂಟೆ ನಿಮ್ಮನ್ನು ಏಳಲು ಬಿಡುವುದಿಲ್ಲ. ಕೇಳದಿದ್ದರೂ ಹೇಳುತ್ತಾರೆ ಅನ್ನಿ.

ನಾನು ಮಿಸೌರಿ ಸಿಟಿಯಿಂದ ಅಕ್ಕ-ಭಾವ ಇರುವ ಲಿಯಾಂಡರಿನವರೆಗೆ ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋಗುವುದೇ ಅಕ್ಕನ ಕೈಯ ಸಾರಿಗಾಗಿ. ಈ ಯುಗಾದಿಗೆ ಹೋದರೆ, ಭಾವ ಆ ಸಾರಿನ ಪಾತ್ರೆಯನ್ನೇ ಮುಂದಿಟ್ಟುಕೊಂಡು ಅತಿಥಿಗಳಿಗೆ ಪಾಠ ಮಾಡುತ್ತಿದ್ದರು.

"ಸಾಲಿಡ್ ಗುಂಡು ಅಂದ್ರೆ ಇಡೀ ತಾಮ್ರದ್ದು. ಬೇರೆ ಗುಂಡಿನ ಹಾಗೆ ಒಳಗೆ ಹೋದ್ಮೇಲೆ ಅರಳಲ್ಲ. ಎಲ್ಲಾ ಅದರ ಮೂತಿ ಮೇಲೇ ನಿಂತಿದೆ," ಎಂದು ಸೌಟಿನ ಹಿಡಿಯನ್ನು ಸಾರಿಗೆ ಚುಚ್ಚಿದರು. "ಚೂಪಾಗಿದ್ರೆ ಹೀಗೆ, ಸದ್ದಿಲ್ಲದೆ ನುಸುಳ್ಕೊಂಡು ಹೋಗುತ್ತೆ. ಸಣ್ಣ ತೂತು, ಅಷ್ಟೆ. ಚಪ್ಪಟೆಯಾಗಿದ್ರೆ..." ಸೌಟು ತಿರುಗಿಸಿ ತಳದಿಂದ ರಪ್ಪನೆ ಬಡಿದರು. ಸಾರು ಚಿಮ್ಮಿ ಎದುರಿಗಿದ್ದ ಅಂಕಲ್ ಒಬ್ಬರ ಬಿಳಿ ಜುಬ್ಬಾದ ಮೇಲೆಲ್ಲ ಬಿತ್ತು. "ನೋಡಿ, ಹೀಗೆ ಪಕ್ಕಕ್ಕೆ ತಳ್ಕೊಂಡು ಹೋಗುತ್ತೆ. ಗಾಯ ಅಗಲ ಆಗುತ್ತೆ."

"ಸಾರಿಗೂ ಗುಂಡಿಗೂ ಏನ್ರೀ ಸಂಬಂಧ?" ಎಂದಳು ಅಕ್ಕ.

"ಎರಡೂ ಒಳಗೆ ಹೋದ್ಮೇಲೇ ಗೊತ್ತಾಗೋದು ಕಣೇ."

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಅಮೆರಿಕದವನು. ಹಂದಿ ಬೇಟೆಯೆಂದರೆ ಅವನಿಗೆ ಪ್ರಾಣ. ಚೂಪು ಮೂತಿಯ ಸಾಲಿಡ್ ಗುಂಡೇ ಅವನಿಗೆ ಇಷ್ಟ. ಅದನ್ನು ಬಿಡಿಸುವುದೇ ಭಾವನ ಹಠ. ಅವನು, "ಹಾಗಾದರೆ ಮಾಂಸದ ಬದಲು ಜೆಲಟಿನ್ ಗಟ್ಟಿಗೆ ಹೊಡೆದು ನೋಡೋಣ, ಬೇಟೆಗಾರರು ಪರೀಕ್ಷೆ ಮಾಡುವುದೇ ಹಾಗೆ," ಅಂದನಂತೆ. ಜೆಲಟಿನ್ ಆಗುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಭಾವ ಮುಟ್ಟಿಯಾರೇ? ಕಡಲಪಾಚಿಯಿಂದ ಮಾಡುವ ಚೈನಾ ಗ್ರಾಸ್ ಕಾಯಿಸಿ ಟ್ರೇಗಳಿಗೆ ಸುರಿದು ಫ್ರಿಜ್ಜಿನಲ್ಲಿಟ್ಟರು. ಭಜನೆಗೆ ಬಂದ ಆಂಟಿಯರು ಅದನ್ನು ಪ್ರಸಾದವೆಂದು ತಿಳಿದು, ಕತ್ತರಿಸಿ ಹಂಚಿ, "ಸಕ್ಕರೆ ಹಾಕೋದೇ ಮರ್ತಿದೀಯಲ್ಲೇ," ಎಂದು ಅಕ್ಕನಿಗೆ ಬುದ್ಧಿ ಹೇಳಿ ಹೋದರು.

ಎರಡನೆಯ ಸಲ ಕಾಯಿಸಿದ್ದು ಹೇಗೋ ಬೇಟೆಗಾರನ ಗೆಳೆಯನ ರ‍್ಯಾಂಚ್ ತಲುಪಿತು. ಟ್ರೇಗಳನ್ನು ತೊಡೆಯ ಮೇಲೆ ಹೊತ್ತುಕೊಂಡು ಹೋದವಳು ನಾನೇ. ಬೇಟೆಗಾರ ಹೊಡೆದ ಚೂಪು ಗುಂಡು ಅದರೊಳಗೆ ಸ್ವಲ್ಪ ದೂರ ಹೋಗಿ, ಸೊಟ್ಟಗೆ ತಿರುಗಿ ಪಕ್ಕದಿಂದ ಹೊರಬಿತ್ತು. ಚಪ್ಪಟೆ ಗುಂಡು ನೆಟ್ಟಗೆ ಕೊನೆಯವರೆಗೂ ಹೋಯಿತು. ಆದರೆ ಚೈನಾ ಗ್ರಾಸ್ ಎರಡು ಸಲವೂ ಉಪ್ಪಿಟ್ಟಿನ ಹಾಗೆ ಉದುರಿ ಹೋಗಿತ್ತು.

"ಇದು ಮಾಂಸದ ಹಾಗಿಲ್ಲ, ಲೆಕ್ಕಕ್ಕೆ ಬರಲ್ಲ," ಎಂದು ಬೇಟೆಗಾರ ನಕ್ಕ.

ಭಾವ ನಗಲಿಲ್ಲ. "ಹೋದ ಚಳಿಗಾಲ ನಮ್ಮ ಹಿತ್ತಲ ಹಳ್ಳಕ್ಕೆ ಒಂದು ಹಂದಿ ಬಂತು," ಎಂದು ಅವನಿಗೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. "ಯಾರು ಹೊಡೆದದ್ದೋ ಗೊತ್ತಿಲ್ಲ. ಸಣ್ಣ ತೂತು, ಆ ಕಡೆಯಿಂದ ಈ ಕಡೆಗೆ. ಸಂಜೆಯವರೆಗೂ ಉಸಿರಾಡುತ್ತಿತ್ತು. ನನಗೆ ಕೊಲ್ಲುವ ಧೈರ್ಯವೂ ಬರಲಿಲ್ಲ, ಅದರ ಪಕ್ಕದಿಂದ ಎದ್ದು ಹೋಗುವುದಕ್ಕೂ ಆಗಲಿಲ್ಲ. ನೀನು ಬೇಟೆ ಬಿಡುವುದಿಲ್ಲ, ಗೊತ್ತು. ಗುಂಡನ್ನಾದರೂ ಬದಲಾಯಿಸು."

ಇಷ್ಟು ದಿನ ಭಾವನನ್ನು ಗೇಲಿ ಮಾಡಿಕೊಂಡಿದ್ದ ನಾನು ಉದುರಿದ ಚೈನಾ ಗ್ರಾಸನ್ನು ಬಾಚತೊಡಗಿದೆ. ಬೇಟೆಗಾರ ಟ್ರೇಗಳನ್ನು ತೊಳೆದುಕೊಟ್ಟ.

ಮುಂದೊಂದು ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದಾಗ ಅವನು ಬೇಲಿಯಾಚೆಯಿಂದ ಭಾವನನ್ನು ಕರೆದ. "ನೀನು ಹೇಳಿದ ಗುಂಡು ಹಾಕಿದ್ದೆ. ಒಂದೇ ಏಟು. ಹಂದಿ ನಿಂತಲ್ಲೇ ಬಿತ್ತು."

"ಒದ್ದಾಡಲಿಲ್ಲ ತಾನೇ?"

"ಇಲ್ಲ."

ಭಾವ ತಲೆಯಾಡಿಸಿ ಒಳಗೆ ಬಂದರು. ಎಲೆ ಹಾಕಿಯಾಗಿತ್ತು. ಅವರು ಊಟಕ್ಕೆ ಕೂರದೆ ಸೀದಾ ಬಚ್ಚಲಿಗೆ ಹೋದರು, ನೀರು ಸುರಿಯುವ ಸದ್ದು ಕೇಳಿಸಿತು.

"ಬೆಳಗ್ಗೆ ಸ್ನಾನ ಆಗಿತ್ತಲ್ಲ ಅಕ್ಕ?"

"ಆಗಿತ್ತು," ಎನ್ನುತ್ತ ಅಕ್ಕ ಬಚ್ಚಲ ಬಾಗಿಲಿಗೆ ಟವೆಲ್ ಹಾಕಿದಳು. "ಆವತ್ತು ಹಳ್ಳದಿಂದ ಬಂದಾಗ್ಲೂ ಹೀಗೇ ಮಾಡಿದ್ರು. ಸಾವಿನ ಸುದ್ದಿ ಕೇಳಿದ್ಮೇಲೆ ತಲೆಗೆ ನೀರು ಹಾಕ್ಕೊಳ್ದೆ ಊಟಕ್ಕೆ ಕೂರಲ್ಲ ಅವ್ರು."