ಚಿಕ್ಕಪ್ಪನ ಹದಿನೇಳನೆಯ ಪ್ರಶ್ನೆ

ನಮ್ಮ ಚಿಕ್ಕಪ್ಪನಿಗೆ ಪಕ್ಕದ ಕ್ವಾರ್ಟರ್ಸಿನಲ್ಲಿ ಯಾರಿದ್ದಾರೆಂಬುದು ಇವತ್ತಿಗೂ ಗೊತ್ತಿಲ್ಲ. ಆದರೆ ಅಮೆರಿಕದ ಕಪ್ಪು ಜನರಲ್ಲಿ ಯಾರು ಯಾವಾಗ ಯಾವ ಪಕ್ಷ ಬಿಟ್ಟರು, ಯಾರು ಹಟ ಹಿಡಿದು ಉಳಿದರು ಎಂದು ಕೇಳಿ ನೋಡಿ! ಬೇಡ, ಕೇಳಲೇಬೇಡಿ. ನಾನೊಮ್ಮೆ ಕೇಳಿ, ಗ್ರೇಟರ್ ನೋಯ್ಡಾಕ್ಕೆ ಹೋಗುವ ಆಫೀಸ್ ಕ್ಯಾಬ್ ತಪ್ಪಿಸಿಕೊಂಡಿದ್ದೇನೆ.

ಆಗ ನಾನು ಕೆಲಸ ಸಿಕ್ಕ ಹೊಸತರಲ್ಲಿ ದೇಶದ ರಾಜಧಾನಿಯಲ್ಲಿ, ಕಿದ್ವಾಯಿ ನಗರದ ಅವರ ಸರ್ಕಾರಿ ಮನೆಯಲ್ಲಿದ್ದೆ. ಅಮೆರಿಕದಲ್ಲಿ ಕಪ್ಪು ಜನಾಂಗದವರೊಬ್ಬರು ಅಧ್ಯಕ್ಷ ಪದವಿಗೆ ನಿಂತಿದ್ದ ವರ್ಷ. ಊರಿಗೆ ಊರೇ ಟಿವಿ ಮುಂದೆ ಸಂಭ್ರಮಿಸುತ್ತಿದ್ದರೆ ಚಿಕ್ಕಪ್ಪ ಮಾತ್ರ, "ಅದೆಲ್ಲ ಸರಿ, ಕಪ್ಪು ಜನರಲ್ಲೇ ಇವರಿಗೆ ಓಟು ಹಾಕದವರ ಪಾಡೇನು?" ಎನ್ನುತ್ತಿದ್ದರು. ಮದುವೆ ಮನೆಗೆ ಹೋಗಿ, ಬಾರದವರ ಪಟ್ಟಿ ಕೇಳಿದ ಹಾಗೆ!

ಅವರು ಹೇಳುತ್ತಿದ್ದ ಚರಿತ್ರೆ ಇಷ್ಟು. ಗುಲಾಮಗಿರಿ ಹೋದ ಮೇಲೆ ಕಪ್ಪು ಜನ ಬಿಡುಗಡೆ ಕೊಡಿಸಿದ ಅಧ್ಯಕ್ಷರ ಪಕ್ಷವನ್ನೇ ನಂಬಿದರು; ಅದರಿಂದಲೇ ಸಂಸತ್ತಿಗೂ ಹೋದರು. ಮುಂದೆ ಕೆಲಸವಿಲ್ಲದ ಕೆಟ್ಟ ಕಾಲದಲ್ಲಿ ಬಹಳ ಮಂದಿ ಎದುರು ಪಕ್ಷಕ್ಕೆ ಹೋದರು. ಸಮಾನ ಹಕ್ಕಿನ ಹೋರಾಟದ ಹೊತ್ತಿಗೆ ಹಳೆಯ ಪಕ್ಷ ಬೆನ್ನು ತಿರುಗಿಸಿತೆಂದು ಉಳಿದವರಲ್ಲೂ ಹೆಚ್ಚಿನವರು ಹೊರಟರು. ಕೆಲವರು ಮಾತ್ರ ಕದಲಲಿಲ್ಲ. ಚರ್ಚು, ಸ್ವಂತ ದುಡಿಮೆ, ಸರ್ಕಾರದ ಹಂಗು ಬೇಡವೆಂಬ ಛಲ, ಅಜ್ಜನ ಪಕ್ಷವೆಂಬ ಮಮತೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ.

"ಅವರ ಭಾಷಣ ಎಲ್ಲ ಪುಸ್ತಕದಲ್ಲಿದೆ ಕಣೇ. ಮನೇಲಿ ಹೇಗಿದ್ರು ಅಂತ ಯಾರೂ ಬರೆದಿಲ್ಲ" ಎಂಬುದು ಅವರ ಕೊರಗು.

ತರಕಾರಿ ಗಾಡಿಯವನನ್ನೂ ಬಿಡಲಿಲ್ಲ. "ಭಯ್ಯಾ, ನಿಮ್ಮವರೆಲ್ಲ ಒಂದು ಪಕ್ಷ, ನೀನೊಬ್ಬ ಬೇರೆ ಪಕ್ಷ ಅಂದ್ರೆ ಏನು ಮಾಡ್ತಾರೆ?" ಎಂದು ಹಿಂದಿಯಲ್ಲಿ ಕೇಳಿದರು. "ಮೊದಲು ಏಟು, ಆಮೇಲೆ ಪಂಚಾಯ್ತಿ, ಸಾಬ್" ಎಂದ ಅವನು. ಚಿಕ್ಕಪ್ಪ ಅದನ್ನು ಚೀಟಿಯಲ್ಲಿ ಬರೆದುಕೊಂಡು ಧನ್ಯರಾಗಿ ಮನೆಗೆ ಬಂದರು. ಚಿಕ್ಕಮ್ಮ ಕೇಳಿದರು, "ಅಚ್ಛಾ, ಅದಿರಲಿ. ಕೊತ್ತಂಬರಿ ಎಲ್ಲಿ?"

ಕೊನೆಗೆ ಹೌಜ್ ಖಾಸ್‌ನ ಪ್ರೊಫೆಸರ್ ಗೆಳೆಯರೊಬ್ಬರಿಂದ ವಿಳಾಸ ಪಡೆದು, ಅಮೆರಿಕದಲ್ಲಿ ಹಾಗೆ ಹಳೆಯ ಪಕ್ಷದಲ್ಲೇ ಉಳಿದ ಹನ್ನೆರಡು ಮಂದಿ ಹಿರಿಯರಿಗೆ ಪ್ರಶ್ನಾವಳಿ ಕಳಿಸಲು ಹೊರಟರು. ಹದಿನಾರು ಪ್ರಶ್ನೆ ಪಕ್ಷದ ಬಗ್ಗೆ. ಹದಿನೇಳನೆಯದು: 'ಹಬ್ಬದ ಊಟಕ್ಕೆ ಮನೆಯವರು ನಿಮ್ಮನ್ನು ಕರೆಯುತ್ತಿದ್ದರೇ?'

"ಇದು ರಾಜ್ಯಶಾಸ್ತ್ರವೇ ಅಲ್ಲ, ತೆಗೀರಿ" ಎಂದರು ಪ್ರೊಫೆಸರು.

"ಬೇಕಾದ್ರೆ ಆ ಹದಿನಾರು ತೆಗೀರಿ!" ಎಂದರು ಚಿಕ್ಕಪ್ಪ.

ಯಾಕೆಂದು ನನಗೆ ಗೊತ್ತಿತ್ತು. ಅದಕ್ಕೂ ಎಂಟು ವರ್ಷದ ಹಿಂದೆ ಚಿತ್ರದುರ್ಗದ ನಮ್ಮ ಮನೆಯಲ್ಲಿ, ಯುಗಾದಿ ಊಟಕ್ಕೆ ಕೂತಾಗ, ಈ ಮಹಾನುಭಾವರು ತಾವು ಓಟು ಹಾಕಿದ್ದು ಮನೆಯವರೆಲ್ಲ ವಿರೋಧಿಸುವ ಪಕ್ಷಕ್ಕೆ ಎಂದು ಹೇಳಿಬಿಟ್ಟಿದ್ದರು. ಯಾರಾದರೂ ಕೇಳಿದ್ದರೇ? ನಮ್ಮಪ್ಪ ಮಾತಿಲ್ಲದೆ ಎಲೆ ಬಿಟ್ಟು ಎದ್ದರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ, ಚಿಕ್ಕಪ್ಪ ಊರಿಗೆ ಹೋಗಿರಲಿಲ್ಲ.

ಕಳಿಸಿದ ಹನ್ನೆರಡಕ್ಕೆ ಒಂದೇ ಉತ್ತರ ಬಂತು. ಬರೆದವರು ಎಂಬತ್ತು ದಾಟಿದ ಅಜ್ಜ. ಹದಿನಾರು ಪ್ರಶ್ನೆಗೂ ಬರೀ ಹೌದು, ಇಲ್ಲ. ಹದಿನೇಳಕ್ಕೆ ಒಂದು ಪುಟ! ಪ್ರತಿ ಹಬ್ಬಕ್ಕೂ ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಪಕ್ಷದ ಹೆಸರೆತ್ತಿ ಬಾಯಿಗೆ ಬಂದಂತೆ ಬೈಯುತ್ತಿದ್ದಳಂತೆ. ಆಮೇಲೆ ತಟ್ಟೆ ತುಂಬಾ ಬಡಿಸುತ್ತಿದ್ದಳಂತೆ.

ಚಿಕ್ಕಪ್ಪ ಕಾಗದ ಮಡಿಸಿದರು. "ನೋಡು, ಬೈದಳಂತೆ" ಎಂದರು. ಅದನ್ನು ಜೇಬಿಗಿಟ್ಟು, "ನಿಮ್ಮಪ್ಪ ಒಂದು ಬೈಗುಳಾನೂ ಬೈಲಿಲ್ಲ ಕಣೇ" ಎಂದರು.

ಅಲ್ಲೇ ಮೊಬೈಲ್ ತೆಗೆದು ಊರಿಗೆ ಫೋನು ಹಚ್ಚಿದೆ. "ಅಪ್ಪಾ, ಚಿಕ್ಕಪ್ಪನಿಗೆ ಸ್ವಲ್ಪ ಬೈಯಪ್ಪ. ನೀನು ಬೈಲಿಲ್ಲ ಅಂತ ಕೊರಗ್ತಿದಾರೆ."

"ಕೊಡು ಆ ಮುಠ್ಠಾಳನಿಗೆ" ಎಂದರು ಅಪ್ಪ.

ಅಪ್ಪನ ದನಿ ಅಡುಗೆಮನೆಯ ಚಿಕ್ಕಮ್ಮನಿಗೂ ಕೇಳುವಷ್ಟಿತ್ತು. "ಎಂಟು ಯುಗಾದಿ ಆಯ್ತು, ನನ್ನ ಪಕ್ಕ ಒಂದು ಎಲೆ ಖಾಲಿ ಹಾಕ್ಕೊಂಡು ಉಣ್ತಿದೀನಿ. ಬರೋಕೆ ಏನೋ ಧಾಡಿ ನಿಂಗೆ?"

ಚಿಕ್ಕಪ್ಪ ಫೋನನ್ನು ಕಿವಿಗೊತ್ತಿಕೊಂಡು ನೆಲದ ಮೇಲೆ ಕೂತರು. "ಬೈಯಿ ಅಣ್ಣ," ಎಂದರು, "ಇನ್ನೂ ಬೈಯಿ."